ನಡೆಯೋದಾ, ಸೈಕಲ್ಲಾ? ಏಳು ದಿನದ ಲೆಕ್ಕ ಸ್ವಲ್ಪ ನೋಡಿ ಹೇಳಿ

ಏಳುದಿನದ_ಲೆಕ್ಕ
ರಜೆ ಒಂಬತ್ತು ದಿನ. ಹೋಗೋಕೆ ಒಂದು, ಬರೋಕೆ ಒಂದು ಕಳೆದ್ರೆ ಕೈಗೆ ಉಳಿಯೋದು ಏಳು. ಹೊರಡೋರು ಇಬ್ಬರು. ಒಬ್ಬರು ವಾರಕ್ಕೆ ಮೂರು ಸಲ ಸೈಕಲ್ ತುಳಿಯೋರು, ಇನ್ನೊಬ್ಬರದು ದಿನಾ ಒಂದು ಗಂಟೆ ವಾಕಿಂಗ್ ಅಷ್ಟೇ.

ಸದ್ಯದ ಪ್ಲಾನು: ಸೈಕಲ್ಲಾದ್ರೆ ದಿನಕ್ಕೆ 80 ಕಿ.ಮೀ., ನಡಿಗೆಯಾದ್ರೆ 25. ಪ್ರತಿ ರಾತ್ರಿ ಬೇರೆ ಊರು, ಸಾಮಾನೆಲ್ಲ ಜೊತೆಗೇ. ಗುಡ್ಡಗಾಡು, ಆದ್ರೆ ತೀರಾ ಎತ್ತರದ ಪರ್ವತ ಅಲ್ಲ. ಇನ್ನೂ ಏನೂ ಬುಕ್ ಮಾಡಿಲ್ಲ.

ಎಲ್ಲಿ ತಪ್ಪಿದೆ ಹೇಳಿ. "ಮನಸ್ಸಿದ್ದರೆ ಮಾರ್ಗ" ಅಂತ ಬರೆಯೋರು ದಯವಿಟ್ಟು ಮುಂದಕ್ಕೆ ಹೋಗಿ. ಇಲ್ಲಿ ಬೇಕಿರೋದು ಅಂಕಿ.

ಏರುತಗ್ಗು
ಕಿಲೋಮೀಟರ್ ಕೊಟ್ಟಿದ್ದೀರಿ, ಏರು ಎಷ್ಟು ಅಂತ ಕೊಟ್ಟೇ ಇಲ್ಲ. ತಪ್ಪಿರೋದು ಅಲ್ಲೇ.

ನಡಿಗೆಗೆ ಹಳೇ ಸೂತ್ರ ಒಂದಿದೆ, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟಿದ್ದು. ಈಗಿನ ಅಳತೆಯಲ್ಲಿ ಹೇಳೋದಾದ್ರೆ ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ 25 ಕಿ.ಮೀ.ನಲ್ಲಿ 900 ಮೀಟರ್ ಏರಿದೆ ಅಂತಿಟ್ಕೊಳ್ಳಿ. ದೂರಕ್ಕೆ 5 ಗಂಟೆ, ಏರಿಗೆ ಒಂದೂವರೆ, ಒಟ್ಟು ಆರೂವರೆ. ಇದು ಎಲ್ಲೂ ನಿಲ್ಲದೆ ನಡೆದ ಸಮಯ. ಊಟ, ನೀರು, ಶೂ ಒಳಗಿನ ಕಲ್ಲು ಕೊಡವೋದು, ದಾರಿ ತಪ್ಪಿ ವಾಪಸ್ ಬರೋದು ಅಂತ ಕಾಲು ಭಾಗ ಸೇರಿಸಿದ್ರೆ ಎಂಟು ಗಂಟೆ ದಾಟ್ತು. ಅದೂ ಏಳಕ್ಕೆ ಏಳು ದಿನ.

ಕಾಲ್ದಾರಿ
ನೈಸ್ಮಿತ್ ಲೆಕ್ಕ ಗಟ್ಟಿ ಆಳುಗಳಿಗೆ, ಏರುತಗ್ಗು ಅವರೇ. ದಿನಾ ಒಂದು ಗಂಟೆ ಸಪಾಟು ರಸ್ತೆಯಲ್ಲಿ ನಡೆಯೋರ ಬೆನ್ನಿಗೆ 8 ಕೆ.ಜಿ. ಹೇರಿದ ಮೇಲೆ ಗಂಟೆಗೆ 4 ಕಿ.ಮೀ. ಅಂತ ಹಿಡಿಯಿರಿ. ಆಗ ನಿಮ್ಮದೇ ಉದಾಹರಣೆ ಹತ್ತಿರ ಹತ್ತಿರ ಹತ್ತು ಗಂಟೆ ಆಗುತ್ತೆ.

ಸೂತ್ರದಲ್ಲಿ ಇಳಿಜಾರಿಗೆ ಲೆಕ್ಕವೇ ಇಲ್ಲ, ಅದು ಇನ್ನೊಂದು ತೊಂದರೆ. ಅದಕ್ಕೆ ಲ್ಯಾಂಗ್‌ಮುಯರ್ ತಿದ್ದುಪಡಿ ಅಂತ ಇದೆ. 5ರಿಂದ 12 ಡಿಗ್ರಿಯ ಸೌಮ್ಯ ಇಳಿಜಾರಾದ್ರೆ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕಳೀರಿ, 12 ಡಿಗ್ರಿಗಿಂತ ಕಡಿದಾದ್ರೆ 10 ನಿಮಿಷ ಕೂಡಿಸಿ. ಕಡಿದಾದ ಇಳಿಜಾರು ಸಪಾಟಿಗಿಂತ ನಿಧಾನ ಅನ್ನೋದನ್ನ ಮೊದಲ ಸಲ ಹೋಗೋರು ನಂಬೋದೇ ಇಲ್ಲ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಆ ನೋವು ಅವತ್ತೇ ಕಾಣಿಸ್ಕೊಳ್ಳಲ್ಲ, ಜೋರಾಗೋದು ಒಂದೆರಡು ದಿನ ಬಿಟ್ಟು. ಮೊದಲ ದಿನವೇ ದೊಡ್ಡ ಇಳಿಜಾರು ಇಟ್ರೆ ಮೂರನೇ ದಿನ ಮಂಚದಿಂದ ಇಳಿಯೋದೂ ಕಷ್ಟ. ತಯಾರಿಗೆ ನಾಲ್ಕು ವಾರ ಮುಂಚಿನಿಂದ, ವಾರಕ್ಕೆ ಎರಡು ಸಲ, ಲಿಫ್ಟಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳೀರಿ. ಬರೆದಿದ್ದು ಉಲ್ಟಾ ಆಗಿಲ್ಲ. ಇಳಿಯೋದೇ ಅಭ್ಯಾಸ.

ಸುಮ್ನೆ_ಓದೋನು
ಲಿಫ್ಟಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯೋ ವ್ಯಾಯಾಮ. ಇಂಥದ್ದೊಂದಕ್ಕೇ ಕಾಯ್ತಿದ್ದೆ.

ಕಡ್ಡಿ_36
ಸೈಕಲ್ ಕಡೆ ಬರೋಣ. 80 ಕಿ.ಮೀ., ಏರು 1,000 ಮೀಟರ್, ಆಳು, ಸೈಕಲ್ಲು, ಸಾಮಾನು ಸೇರಿ 110 ಕೆ.ಜಿ. ಅನ್ನಿ. ದಿನವಿಡೀ ಏದುಸಿರಿಲ್ಲದೆ ತುಳಿಯೋ ಶಕ್ತಿ ಸಾಮಾನ್ಯರಿಗೆ 120 ವ್ಯಾಟ್ ಆಸುಪಾಸು. 110 ಕೆ.ಜಿ.ಯನ್ನ 100 ಮೀಟರ್ ಮೇಲೆತ್ತೋಕೇ ಆ ಶಕ್ತಿಯಲ್ಲಿ 15 ನಿಮಿಷ ಹಿಡಿಯುತ್ತೆ. ಟೈರ್ ಉರುಳೋ ತಡೆ ಬೇರೆ.

ಸರಾಸರಿ ಶೇ. 6ರ ಏರಾದ್ರೆ 1,000 ಮೀಟರ್ ಹತ್ತೋಕೆ ಸುಮಾರು 17 ಕಿ.ಮೀ. ದಾರಿ. ಅಲ್ಲಿ ವೇಗ ಗಂಟೆಗೆ 6 ಕಿ.ಮೀ. ಸಿಕ್ಕಿದ್ರೆ ಹೆಚ್ಚು, ಅಂದ್ರೆ ಮೂರು ಗಂಟೆ ಹತ್ತೋದಕ್ಕೇ ಹೋಯ್ತು. ಇಳಿಯೋಕೆ ಮುಕ್ಕಾಲು ಗಂಟೆ, ಉಳಿದ 46 ಕಿ.ಮೀ. ಸಪಾಟಿಗೆ ಎರಡೂಮುಕ್ಕಾಲು. ಸೀಟಿನ ಮೇಲೇ ಆರು ಗಂಟೆ ದಾಟ್ತು, ನಿಲ್ಲೋದೆಲ್ಲ ಸೇರಿದ್ರೆ ಎಂಟೂವರೆ. ವಾಕಿಂಗ್ ಅಷ್ಟೇ ರೂಢಿ ಇರೋರನ್ನ ಎರಡನೇ ದಿನವೂ ಆರು ಗಂಟೆ ಸೀಟ್ ಮೇಲೆ ಕೂರಿಸಿದ್ರೆ ಸೈಕಲ್ಲನ್ನ ಶಪಿಸ್ತಾರೆ, ಆಮೇಲೆ ನಿಮ್ಮನ್ನ.

ಹಗುರಚೀಲ
ಒಂದೇ ಸಾಲು: ಗಂಟೆ ಗೊತ್ತುಮಾಡ್ಕೊಳ್ಳಿ, ಕಿಲೋಮೀಟರ್ ತಾನಾಗೇ ಬರುತ್ತೆ. ದುರ್ಬಲರಾದವರಿಗೆ ದಿನಕ್ಕೆ ನಾಲ್ಕು ಗಂಟೆ ಚಲನೆ ಅಂತ ಇಟ್ಟು ಹಿಂದಕ್ಕೆ ಲೆಕ್ಕ ಹಾಕಿ. ಗುಡ್ಡದಲ್ಲಿ ನಡಿಗೆ 13–15 ಕಿ.ಮೀ., ಸೈಕಲ್ 45–50.

ಗಾಳಿಪಟ
ದಿನಕ್ಕೆ 13 ಕಿ.ಮೀ. ನಡೆಯೋಕೆ ರಜೆ ಹಾಕಿ ಹೋಗಬೇಕಾ? ಏಳು ದಿನಕ್ಕೆ 91 ಕಿ.ಮೀ. ಹಾಸಿಗೆಯಲ್ಲಿ ಹೊರಳಾಡಿದ್ರೂ ಅಷ್ಟಾಗುತ್ತೆ.

ಹಗುರಚೀಲ
ಹೊರಳಾಡಿ ನೋಡಿ, 700 ಮೀಟರ್ ಏರಿನ ಜೊತೆ.

ಅಲೆನ್‌ಕೀ
ಕಡ್ಡಿಯವರ ಲೆಕ್ಕದಲ್ಲಿ ಗೇರಿನ ಮಾತೇ ಬರಲಿಲ್ಲ. 120 ವ್ಯಾಟ್ ಕೊಡ್ತೀನಿ ಅಂದ್ರೂ ಸೈಕಲ್ಲು ತಗೊಳ್ಳಬೇಕಲ್ಲ.

ಉದಾಹರಣೆಗೆ, ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 32 ಹಲ್ಲು ಇರೋ ಸೈಕಲ್ ಅಂತಿಟ್ಕೊಳ್ಳಿ. 622 ಮಿ.ಮೀ. ರಿಮ್, 40 ಮಿ.ಮೀ. ಟೈರಿದ್ರೆ ಚಕ್ರದ ಸುತ್ತಳತೆ 2.2 ಮೀಟರ್. ಒಂದು ಸುತ್ತು ಪೆಡಲಿಗೆ 2.3 ಮೀಟರ್ ಮುಂದೆ ಹೋಗ್ತೀರಿ. ನಿಮಿಷಕ್ಕೆ 60 ಸುತ್ತು ತುಳಿದ್ರೆ ಗಂಟೆಗೆ 8.4 ಕಿ.ಮೀ. ಶೇ. 8ರ ಏರಿನಲ್ಲಿ 110 ಕೆ.ಜಿ.ಗೆ ಆ ವೇಗ ಇಟ್ಕೊಳ್ಳೋಕೆ 220 ವ್ಯಾಟ್ ಬೇಕು. ಇಲ್ಲ ಅಂದ್ರೆ ಸುತ್ತು 35ಕ್ಕೆ ಇಳಿಯುತ್ತೆ, ಪ್ರತಿ ತುಳಿತದಲ್ಲೂ ಮಂಡಿ ಕಿರುಗುಟ್ಟುತ್ತೆ.

ಅದೇ ಮುಂದೆ 22, ಹಿಂದೆ 36 ಇದ್ರೆ ಒಂದು ಸುತ್ತಿಗೆ 1.35 ಮೀಟರ್. 60 ಸುತ್ತಿಗೆ ಗಂಟೆಗೆ 5 ಕಿ.ಮೀ.ಗೆ ಸ್ವಲ್ಪ ಕಮ್ಮಿ, 130 ವ್ಯಾಟ್ ಸಾಕು. ಅದಕ್ಕಿಂತ ಸಣ್ಣ ಗೇರು ಹಾಕಿ ಪ್ರಯೋಜನ ಕಡಿಮೆ, ಬ್ಯಾಲೆನ್ಸ್ ಸಿಗಲ್ಲ. ಇಳಿದು ತಳ್ಳೋದೇ ಲೇಸು.

ಬಾಡಿಗೆ ಸೈಕಲ್ಲಾದ್ರೆ "ಎಷ್ಟು ಗೇರು" ಅಂತ ಕೇಳ್ಬೇಡಿ. 21 ಅಂತಾರೆ, 27 ಅಂತಾರೆ. ಮುಂದಿನ ಸಣ್ಣ ಹಲ್ಲು ಎಷ್ಟು, ಹಿಂದಿನ ದೊಡ್ಡ ಹಲ್ಲು ಎಷ್ಟು, ಇಷ್ಟೇ ಕೇಳಿ. ಮುಂದಿನದು ಹಿಂದಿನದಕ್ಕಿಂತ ಸಣ್ಣದಿದ್ರೆ ಮಾತ್ರ ಗುಡ್ಡಕ್ಕೆ ಒಯ್ಯಿರಿ.

ಏಳುದಿನದ_ಲೆಕ್ಕ
ಓಹ್. ಬಾಡಿಗೆಗೆ ನೋಡಿದ್ದರಲ್ಲಿ ಮುಂದೆ 46/30, ಹಿಂದೆ 11–34. ನಡೆಯುತ್ತಾ?

ಅಲೆನ್‌ಕೀ
ಮುಂದಿನ ಸಣ್ಣದು 30, ಹಿಂದಿನ ದೊಡ್ಡದು 34. ಸುತ್ತಿಗೆ 1.95 ಮೀಟರ್. ಸಾಮಾನು ಇಲ್ಲದೆ ಶೇ. 6ರವರೆಗೆ ಪರವಾಗಿಲ್ಲ. ತುಂಬಿದ ಚೀಲದ ಜೊತೆ ಶೇ. 8 ಬಂದ್ರೆ ತಳ್ಳೋಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ನಿಧಾನವೇ_ಪ್ರಧಾನ
ಗೇರು, ವ್ಯಾಟ್ ಎಲ್ಲಾ ಸರಿ. ಇಬ್ಬರ ವೇಗ ಬೇರೆ ಬೇರೆ ಅಂತ ಮೊದಲ ಸಾಲಲ್ಲೇ ಇದೆ, ಅದನ್ನ ಯಾರೂ ಮುಟ್ಟಿಲ್ಲ.

ಜೋರಾಗಿ ಹೋಗೋರು ಮೇಲೆ ತಲುಪಿ ಹತ್ತು ನಿಮಿಷ ಕೂರ್ತಾರೆ. ನಿಧಾನದವರು ಬಂದ ತಕ್ಷಣ "ಹೊರಡೋಣ್ವಾ" ಅಂತಾರೆ. ಇಡೀ ದಿನದಲ್ಲಿ ವಿಶ್ರಾಂತಿ ಬೇಕಿದ್ದವರಿಗೇ ವಿಶ್ರಾಂತಿ ಇಲ್ಲ. ಇದಕ್ಕೆ ಮದ್ದು ಸರಳ: ವಿರಾಮದ ಗಡಿಯಾರ ಶುರುವಾಗೋದು ಕೊನೆಯವರು ಕೂತ ಮೇಲೆ. ನಡಿಗೆಯಲ್ಲಾದ್ರೆ ನಿಧಾನದವರು ಮುಂದೆ, ನೀರು ಮತ್ತು ಭಾರದ ಸಾಮಾನು ಜೋರಿನವರ ಬೆನ್ನಿಗೆ. ಮೂರು ಕೆ.ಜಿ. ಅತ್ತಿತ್ತ ಆದ್ರೆ ವೇಗ ಎಷ್ಟೋ ಸಮ ಆಗುತ್ತೆ.

ಅದಕ್ಕಿಂತ ಒಳ್ಳೇ ದಾರಿ ಅಂದ್ರೆ ದಿನಾ ಊರು ಬದಲಿಸೋದನ್ನೇ ಬಿಡಿ. ಒಂದೇ ಕಡೆ ಮೂರ್ನಾಲ್ಕು ರಾತ್ರಿ ಬೀಡು ಬಿಟ್ಟು, ದಿನಾ ಒಂದೊಂದು ದಿಕ್ಕಿಗೆ ಸುತ್ತು ಹೊಡೆದು ಬನ್ನಿ. ಸಾಮಾನು ರೂಮಲ್ಲೇ ಇರುತ್ತೆ. ಸುಸ್ತಾದವರು ಅರ್ಧಕ್ಕೆ ತಿರುಗಬಹುದು, ಜೋರಿನವರು ಇನ್ನೊಂದು ಸುತ್ತು ಸೇರಿಸಬಹುದು. ಮಳೆ ಬಂದ್ರೆ ದಿನ ಹೋಯ್ತು ಅಷ್ಟೇ, ಬುಕಿಂಗ್ ಸರಪಳಿ ಕಳಚಲ್ಲ.

ಗಾಳಿಪಟ
ಇದಕ್ಕೆ ಖಂಡಿತ ಒಪ್ಪಲ್ಲ. ಒಂದೇ ಕಡೆ ಕೂತು ಗಾಣದ ಎತ್ತಿನ ಹಾಗೆ ಸುತ್ತೋದು ಪ್ರವಾಸ ಹೇಗಾಗುತ್ತೆ? ಪ್ರತಿದಿನ ಮೊದಲ 5 ಕಿ.ಮೀ., ಕೊನೆಯ 5 ಕಿ.ಮೀ. ಅದೇ ರಸ್ತೆ. ಬೆಳಿಗ್ಗೆ ಹೊರಟ ಜಾಗಕ್ಕಿಂತ ಸಂಜೆ ಇನ್ನೆಲ್ಲೋ ಇರೋದರಲ್ಲೇ ಮಜಾ. ಹಾಗೆ ಬೇಕಾದ್ರೆ ಸಾಮಾನು ಮುಂದಿನ ವಸತಿಗೆ ಗಾಡಿಯಲ್ಲಿ ಕಳಿಸೋ ವ್ಯವಸ್ಥೆ ಇರೋ ದಾರಿ ಆರಿಸ್ಕೊಳ್ಳಿ. ಬೆನ್ನಿಗೆ ಬರೀ ನೀರು, ಮಳೆಕೋಟು, ಒಂದು ಬೆಚ್ಚನೆ ಅಂಗಿ.

ನಿಧಾನವೇ_ಪ್ರಧಾನ
ಸಾಮಾನು ಗಾಡಿಯಲ್ಲಿ ಹೋದ್ರೆ ನೀವೂ ಅವತ್ತು ಅಲ್ಲಿಗೆ ತಲುಪಲೇಬೇಕು ಸ್ವಾಮಿ. ಹಲ್ಲುಜ್ಜೋ ಬ್ರಷ್ಷು ಮುಂದಿನ ಊರಲ್ಲಿದೆ, ಕಾಲು ಈ ಊರಲ್ಲೇ ಮುಷ್ಕರ ಹೂಡಿದೆ. ಆ ದಾರಿ ಹಿಡಿದ್ರೆ ಪ್ರತಿ ಹಂತಕ್ಕೂ ಬಸ್ಸೋ ರೈಲೋ ಇದೆಯಾ ನೋಡ್ಕೊಂಡಿರಬೇಕು.

ಏರುತಗ್ಗು
ಇಬ್ಬರದೂ ಸರಿ ಮಾರಾಯ್ರೇ, ಎರಡೂ ಬೆರೆಸಬಹುದು. ಎರಡು ಬೀಡು, ಮಧ್ಯೆ ಒಂದೇ ಒಂದು ಸ್ಥಳಾಂತರದ ದಿನ. ಏಳು ದಿನಕ್ಕೆ ಅದು ಸಾಕು.

ಭೂಪಟ_ಪ್ರೇಮಿ
ಏರಿನ ಅಂಕಿ ಎಲ್ಲಿಂದ ತಗೋತೀರಿ ಅನ್ನೋದೂ ಮುಖ್ಯ. ಒಂದೇ ದಾರಿಗೆ ಒಂದು ಆ್ಯಪ್ 780 ಮೀಟರ್ ಅನ್ನುತ್ತೆ, ಇನ್ನೊಂದು 1,050. ಎರಡೂ ಸುಳ್ಳು ಹೇಳ್ತಿಲ್ಲ. ಎತ್ತರದ ದತ್ತಾಂಶ ಚೌಕಗಳಲ್ಲಿ ಇರುತ್ತೆ, 30 ಮೀಟರ್ ಅಥವಾ 90 ಮೀಟರ್ ಅಗಲದ್ದು. ಗುಡ್ಡದ ಬದಿ ಕೊರೆದು ಮಾಡಿದ ಸಪಾಟು ರಸ್ತೆಯಲ್ಲಿ ಒಂದು ಬಿಂದು ರಸ್ತೆಯ ಚೌಕಕ್ಕೆ, ಮುಂದಿನದು ಮೇಲಿನ ಗುಡ್ಡದ ಚೌಕಕ್ಕೆ ಬೀಳುತ್ತೆ. ಹೀಗೆ ಇಲ್ಲದ ಏರಿಳಿತ ಸೇರ್ತಾ ಹೋಗುತ್ತೆ. ಅದನ್ನ ಎಷ್ಟು ನಯ ಮಾಡ್ತಾರೆ ಅನ್ನೋದು ಆ್ಯಪಿನಿಂದ ಆ್ಯಪಿಗೆ ಬೇರೆ. ಸುರಂಗ ಬಂದ್ರಂತೂ ಕೇಳ್ಬೇಡಿ, ಕೆಲವು ಆ್ಯಪ್ ನಿಮ್ಮನ್ನ ಸುರಂಗದ ಮೇಲಿನ ಗುಡ್ಡ ಹತ್ತಿಸಿ ಇಳಿಸಿರುತ್ತೆ. ಸೇತುವೆಯಾದ್ರೆ ಕೆಳಗಿನ ಹೊಳೆಗಿಳಿಸುತ್ತೆ.

ಅದಕ್ಕೆ ಅಭ್ಯಾಸದ ದಿನ ಯಾವ ಆ್ಯಪಲ್ಲಿ ಅಳೆದಿರೋ, ಪ್ಲಾನೂ ಅದರಲ್ಲೇ ಮಾಡಿ. ಅಳತೆಗೋಲು ತಪ್ಪಿದ್ರೂ ಎರಡೂ ಕಡೆ ಒಂದೇ ಥರ ತಪ್ಪಿರುತ್ತೆ.

ಒಟ್ಟು ಏರಿಗಿಂತ ಅತಿ ಕಡಿದಾದ ಒಂದು ಕಿಲೋಮೀಟರ್ ಎಲ್ಲಿದೆ ನೋಡಿ. ಅದು ದಿನದ ಮೊದಲಲ್ಲಿದ್ರೆ ಪರವಾಗಿಲ್ಲ, ಕೊನೆಯಲ್ಲಿದ್ರೆ ದಾರಿಯನ್ನೇ ತಿರುಗಿಸಿ ಹೋಗಿ.

ಭೂಪಟ_ಪ್ರೇಮಿ
ಮರೆತಿದ್ದೆ, ಮೇಲ್ಮೈ. ಜನರೇ ಸೇರಿ ಮಾಡಿರೋ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಹೊಲದ ದಾರಿ, ಕಾಡುದಾರಿಗಳಿಗೆ ದರ್ಜೆ ಕೊಟ್ಟಿರ್ತಾರೆ. 1 ಅಂದ್ರೆ ಗಟ್ಟಿ, 5 ಅಂದ್ರೆ ಮೆತ್ತನೆ ಮಣ್ಣು. ತುಂಬಿದ ಸೈಕಲ್ಲಿಗೆ 1 ಮತ್ತು 2 ಸರಿ, 3 ಒಣಗಿದ್ರೆ ಮಾತ್ರ. 4–5 ಬಂದ್ರೆ ನಡಿಗೆಗೆ ಬಿಡಿ. ದರ್ಜೆ ತುಂಬದೇ ಬಿಟ್ಟ ದಾರಿಯನ್ನ ಉಪಗ್ರಹ ಚಿತ್ರದಲ್ಲಿ ನೋಡಿ. ನಡುವೆ ಹುಲ್ಲಿನ ಪಟ್ಟಿ ಕಂಡ್ರೆ ಅದು ರಸ್ತೆಯಲ್ಲ.

ಕಡ್ಡಿ_36
ಗಾಳಿಯ ದಿಕ್ಕನ್ನೂ ನೋಡ್ಕೊಳ್ಳಿ. ಗಂಟೆಗೆ 20 ಕಿ.ಮೀ. ಹೋಗುವಾಗ ಎದುರಿಂದ 20 ಕಿ.ಮೀ. ಗಾಳಿ ಬಂದ್ರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಮುದ್ರದ ಬದಿ ಮಧ್ಯಾಹ್ನದ ಮೇಲೆ ಗಾಳಿ ನೀರಿನಿಂದ ನೆಲಕ್ಕೆ, ಯಾಕಂದ್ರೆ ನೆಲ ಬೇಗ ಕಾಯುತ್ತೆ. ಬಿಸಿಲಿನ ದಿನ ಕಣಿವೆಗಳಲ್ಲಿ ಹಗಲು ಗಾಳಿ ಮೇಲ್ಮುಖ. ಕಣಿವೆ ಇಳಿಯೋದಿದ್ರೆ ಬೆಳಿಗ್ಗೆ ಇಳಿದುಬಿಡಿ. ಮಧ್ಯಾಹ್ನ ಇಳಿಜಾರಲ್ಲೂ ಪೆಡಲ್ ತುಳಿಯೋ ಕರ್ಮ ಬರುತ್ತೆ.

ಸೀದಾಸಾದಾ
ನಿಧಾನದವರಿಗೆ ಎಲೆಕ್ಟ್ರಿಕ್ ಸೈಕಲ್ ಕೊಡಿಸಿ ಬಿಡಿ, ಮುಗೀತು. ಇಷ್ಟುದ್ದ ಚರ್ಚೆ ಯಾಕೆ?

ಗಾಳಿಪಟ
ಅದು ಮೋಸ.

ಸೀದಾಸಾದಾ
ಯಾರಿಗೆ ಮೋಸ? ಗುಡ್ಡಕ್ಕಾ?

ಅಲೆನ್‌ಕೀ
ಮೋಸವೇನಲ್ಲ, ಆದ್ರೆ "ಮುಗೀತು" ಅನ್ನೋದೂ ಅಲ್ಲ. ಬ್ಯಾಟರಿ ಲೆಕ್ಕ ಮಾಡಿ. 500 ವ್ಯಾಟ್-ಅವರ್ ಬ್ಯಾಟರಿ, ಎಲ್ಲ ಸೇರಿ 120 ಕೆ.ಜಿ. 1,000 ಮೀಟರ್ ಏರಿಗೆ ಬೇಕಾಗೋದು 327 ವ್ಯಾಟ್-ಅವರ್. ಅರ್ಧ ಕಾಲಿಂದ, ಅರ್ಧ ಮೋಟರಿಂದ ಅಂದ್ರೂ, ಮೋಟರಿನ ನಷ್ಟ ಸೇರಿ 220ರ ಹತ್ತಿರ ಏರಿಗೇ ಹೋಗುತ್ತೆ. ಉಳಿದ 280ರಲ್ಲಿ ಸಪಾಟಲ್ಲಿ ಕಿ.ಮೀ.ಗೆ 5ರಂತೆ 56 ಕಿ.ಮೀ. ಬ್ಯಾಟರಿ ಹಳೆಯದಾದ್ರೆ, ಚಳಿಯಿದ್ರೆ ಇನ್ನೂ ಕಮ್ಮಿ. ಕಾಲು ಭಾಗ ಕೈಯಲ್ಲಿ ಉಳಿಸ್ಕೊಂಡೇ ಲೆಕ್ಕ ಹಾಕಿ. ಬ್ಯಾಟರಿ ಸತ್ತ ಮೇಲೆ 25 ಕೆ.ಜಿ. ಸೈಕಲ್ಲನ್ನ ಗುಡ್ಡಕ್ಕೆ ತುಳಿಯೋರು ಅವರೇ.

ಚಾರ್ಜರ್ 4 ಆಂಪಿಯರ್ ಆದ್ರೆ ಪೂರ್ತಿ ತುಂಬೋಕೆ 4–5 ಗಂಟೆ, 2 ಆಂಪಿಯರ್ ಆದ್ರೆ ಅದರ ದುಪ್ಪಟ್ಟು. ಅಂದ್ರೆ ಮಧ್ಯಾಹ್ನ ಊಟಕ್ಕೆ ಕೂತಾಗ ಹಾಕಿದ ಚಾರ್ಜ್ ಹೆಚ್ಚೇನೂ ಆಗಲ್ಲ. ವಸತಿಯಲ್ಲಿ ಬ್ಯಾಟರಿಯನ್ನ ರೂಮಿಗೆ ಒಯ್ಯಬಹುದಾ ಅಂತ ಮೊದಲೇ ಕೇಳಿ.

ವಿಮಾನದಲ್ಲಿ ಹೋಗೋದಾದ್ರೆ ಸ್ವಂತದ್ದು ಒಯ್ಯೋ ಆಸೆ ಬಿಡಿ. 160 ವ್ಯಾಟ್-ಅವರ್ ಮೀರಿದ ಬ್ಯಾಟರಿ ಪ್ರಯಾಣಿಕ ವಿಮಾನದಲ್ಲಿ ಹತ್ತಿಸಲ್ಲ, ಅಲ್ಲೇ ಬಾಡಿಗೆಗೆ ತಗೋಬೇಕು. ಫೋನಿನ ಪವರ್ ಬ್ಯಾಂಕ್ 100ರೊಳಗಿದ್ರೆ ಸರಿ, 20,000 ಎಂಎಎಚ್ ಅಂದ್ರೆ 74. ಅದೂ ಕೈಚೀಲದಲ್ಲಿ ಮಾತ್ರ, ಲಗೇಜಿಗೆ ಹಾಕೋ ಹಾಗಿಲ್ಲ.

ಸುಮ್ನೆ_ಓದೋನು
ಬರೀ ಸೈಕಲ್ ಸೈಕಲ್. ಕಾಲಿಗೆ ಯಾರೂ ದಿಕ್ಕಿಲ್ವಾ?

ಕಾಲ್ದಾರಿ
ಇದ್ದೀನಿ. ನಡಿಗೆ ರಜೆ ಹಾಳಾಗೋದು ಗುಡ್ಡದಿಂದಲ್ಲ, ಗುಳ್ಳೆಯಿಂದ.

ಶೂ ಸಂಜೆ ಹೊತ್ತು ಕೊಳ್ಳಿ, ಕಾಲು ದಿನದ ಕೊನೆಗೆ ಊದಿರುತ್ತೆ. ನಡೆಯೋಕೆ ಹಾಕೋ ಸಾಕ್ಸೇ ಹಾಕ್ಕೊಂಡು ನೋಡಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಇಳಿಜಾರಿನ ಹಲಗೆ ಮೇಲೆ ನಿಂತು ಮುಂದಕ್ಕೆ ಜಾರಿದಾಗ ಬೆರಳು ತಾಗಿದ್ರೆ ಆ ಶೂ ಬೇಡ. ಉಗುರು ಹೊರಡೋ ಮೂರ್ನಾಲ್ಕು ದಿನ ಮುಂಚೆ ಕತ್ತರಿಸಿ, ಹಿಂದಿನ ರಾತ್ರಿ ಅಲ್ಲ. ಹೊಸದಾಗಿ ಕತ್ತರಿಸಿದ ಅಂಚು ಪಕ್ಕದ ಬೆರಳನ್ನ ಕೊರೆಯುತ್ತೆ.

ಗುಳ್ಳೆ ಬರೋ ಮುಂಚೆ ಅಲ್ಲಿ ಬಿಸಿಯಾಗುತ್ತೆ. ಬಿಸಿ ಅನ್ನಿಸಿದ ಕ್ಷಣ ನಿಲ್ಲಿ, ಮುಂದಿನ ತಿರುವಿನವರೆಗೆ ಅಂತ ಮುಂದೂಡ್ಬೇಡಿ. ಕಾಲು ಒರೆಸಿ, ಪೂರ್ತಿ ಒಣಗಿಸಿ, ಟೇಪ್ ಸುಕ್ಕಿಲ್ಲದ ಹಾಗೆ ಹಚ್ಚಿ, ಮೂಲೆಗಳನ್ನ ದುಂಡಗೆ ಕತ್ತರಿಸಿ. ಚೌಕ ಮೂಲೆ ಸಾಕ್ಸಿಗೆ ಸಿಕ್ಕಿ ಏಳುತ್ತೆ. ಹತ್ತಿ ಸಾಕ್ಸ್ ಬೇಡವೇ ಬೇಡ, ಬೆವರು ಹೀರಿ ಹಿಡಿದಿಟ್ಟುಕೊಳ್ಳುತ್ತೆ. ಮಧ್ಯಾಹ್ನ ಒಂದು ಸಲ ಸಾಕ್ಸ್ ಬದಲಿಸಿ. ಒದ್ದೆಯಾದದ್ದು ಚೀಲದ ಹೊರಗೆ ಪಿನ್ ಹಾಕಿ ನೇತುಬಿಟ್ರೆ ಸಂಜೆಗೆ ಒಣಗಿರುತ್ತೆ.

ಹಿಮ್ಮಡಿ ಮೇಲೆ ಕೆಳಗೆ ಜಾರ್ತಿದ್ರೆ ಶೂ ಮೇಲಿನ ಕೊನೆಯ ಎರಡು ತೂತು ಉಪಯೋಗಿಸಿ. ಲೇಸನ್ನ ಒಂದೇ ಬದಿಯ ಎರಡು ತೂತಿಗೆ ಹಾಕಿ ಸಣ್ಣ ಕುಣಿಕೆ ಮಾಡಿ, ಆ ಬದಿಯ ಲೇಸನ್ನ ಈ ಬದಿಯ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಕದಲಲ್ಲ.

ಹಗುರಚೀಲ
ಇದಕ್ಕೆ ಒಂದು ಸೇರಿಸ್ಲೇಬೇಕು. ಬೀರುವಿನಲ್ಲಿ ಐದಾರು ವರ್ಷ ಇಟ್ಟಿದ್ದ "ಹೊಸದರಂತಿರೋ" ಟ್ರೆಕ್ಕಿಂಗ್ ಶೂ ಸೀದಾ ಹಾಕ್ಕೊಂಡು ಹೊರಡ್ಬೇಡಿ. ಅಟ್ಟೆಯ ಮಧ್ಯದ ಪದರ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ನೊರೆಯದ್ದಾಗಿದ್ರೆ ಗಾಳಿಯ ತೇವಕ್ಕೆ ಒಳಗೊಳಗೇ ಮುರಿದಿರುತ್ತೆ, ಹಾಕದೇ ಇಟ್ರೂ ಅಷ್ಟೇ. ಹೊರಗೆ ಏನೂ ಕಾಣಲ್ಲ. ಹಾಕಿ ಹತ್ತು ಕಿ.ಮೀ. ನಡೆದ್ರೆ ರಸ್ಕಿನ ಹಾಗೆ ಪುಡಿಯಾಗಿ ಅಟ್ಟೆ ಕಳಚಿ ಬೀಳುತ್ತೆ, ಒಂದು ಕಾಲಿಂದು ಬಿದ್ರೆ ಇನ್ನೊಂದರದ್ದೂ ಬೆನ್ನಲ್ಲೇ. ಮನೆಯಲ್ಲೇ ಬದಿಯನ್ನ ಹೆಬ್ಬೆರಳಿಂದ ಒತ್ತಿ, ಬಗ್ಗಿಸಿ ನೋಡಿ. ಸೂಕ್ಷ್ಮ ಬಿರುಕು ಕಂಡ್ರೆ ಎಸೀರಿ. ಇಲ್ಲದಿದ್ರೂ ಮೊದಲು ಎರಡು ದೀರ್ಘ ಅಭ್ಯಾಸ ನಡಿಗೆ ಅದರಲ್ಲೇ ಆಗಲಿ.

ಏಳುದಿನದ_ಲೆಕ್ಕ
ಬೀರುವಿನ ಶೂ ಮಾತು ಕೇಳಿ ಈಗಲೇ ಎದ್ದು ಹೋಗಿ ಒತ್ತಬೇಕು ಅನ್ನಿಸ್ತಿದೆ. ಸೀಟ್ ನೋವಿಗೆ ಏನು ಮಾಡೋದು? ಮೆತ್ತನೆ ಜೆಲ್ ಕವರ್ ಹಾಕಿದ್ರೆ ಸಾಕಾ?

ಕಡ್ಡಿ_36
ಜೆಲ್ ಕವರ್ ಅರ್ಧ ಗಂಟೆ ಸುಖ, ಆಮೇಲೆ ಶಿಕ್ಷೆ. ಕೂರೋ ಎರಡು ಮೂಳೆ ಮೆತ್ತೆಯಲ್ಲಿ ಹುದುಗಿ, ನಡುವಿನ ಭಾಗ ಮೇಲೆದ್ದು ನರಕ್ಕೆ ಒತ್ತುತ್ತೆ. ಆಮೇಲೆ ಜೋಮು. ಮೂಳೆಗಳ ಅಗಲಕ್ಕೆ ಸರಿಹೋಗೋ ಗಟ್ಟಿ ಸೀಟೇ ಒಳ್ಳೇದು. ಮೆತ್ತೆ ಇರಬೇಕಾದ್ದು ಚಡ್ಡಿಯಲ್ಲಿ. ಆ ಚಡ್ಡಿಯ ಒಳಗೆ ಒಳಉಡುಪು ಹಾಕ್ಬಾರದು, ಹೊಲಿಗೆಯೇ ಉಜ್ಜೋದು. ಎರಡು ಚಡ್ಡಿ ಇಟ್ಕೊಂಡು ದಿನಾ ಒಂದನ್ನ ಒಗೀರಿ.

ಎತ್ತರ: ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದಾಗ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟಾಗ ಮಂಡಿ ತಾನಾಗೇ ಸ್ವಲ್ಪ ಬಾಗುತ್ತೆ. ಮಂಡಿಯ ಮುಂದೆ ನೋವು ಬಂದ್ರೆ ಬಹುಮಟ್ಟಿಗೆ ಸೀಟು ತಗ್ಗು, ಹಿಂದೆ ಬಂದ್ರೆ ಎತ್ತರ. ಬದಲಿಸಿದ್ರೂ ಒಂದು ಸಲಕ್ಕೆ 3–5 ಮಿ.ಮೀ. ಮಾತ್ರ. ಸರಿಯಾದ ಎತ್ತರಕ್ಕೆ ಸೀಟ್ ಕಂಬದ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಬಾಡಿಗೆ ಸೈಕಲ್ಲಾದ್ರೆ ಪೆಡಲ್ ದಂಡಗಳು ತಿರುಗೋ ಅಚ್ಚಿನ ನಡುವಿನಿಂದ ಸೀಟ್ ಮೇಲಿನವರೆಗಿನ ಅಳತೆ ಬರೆದುಕೊಂಡು ಹೋಗಿ. ನಿಮ್ಮ ಸೀಟನ್ನೇ ಬಿಚ್ಚಿ ಒಯ್ಯೋದು ಇನ್ನೂ ಒಳ್ಳೇದು, ಅದರ ಕಂಬಿ ಬಹುಪಾಲು ಸೈಕಲ್ಲಿಗೆ ಕೂರುತ್ತೆ.

ಸೀದಾಸಾದಾ
ಟ್ಯೂಬ್‌ಲೆಸ್ ಹಾಕಿದ್ರೆ ಪಂಚರ್ ಚಿಂತೆಯೇ ಇಲ್ಲ, ಅದನ್ನ ಯಾರೂ ಹೇಳಲಿಲ್ಲ.

ಅಲೆನ್‌ಕೀ
ಹೇಳದೇ ಇದ್ದದ್ದಕ್ಕೆ ಕಾರಣ ಇದೆ. ತೂತು ಮುಚ್ಚೋಕೆ ಟೈರೊಳಗೆ ಹಾಕೋ ದ್ರವ ಕೆಲವೇ ತಿಂಗಳಲ್ಲಿ ಒಣಗುತ್ತೆ. ಟೈರ್ ಬದಿ ಸೀಳಿದ್ರೆ ದ್ರವವೂ ನಿಲ್ಲಿಸಲ್ಲ, ತೂತಿಗೆ ತುರುಕೋ ಪ್ಲಗ್ಗೂ ನಿಲ್ಲಿಸಲ್ಲ. ರಿಮ್ಮಿಂದ ಅಂಚು ಬಿಟ್ರೆ ಕೈಪಂಪಲ್ಲಿ ಮತ್ತೆ ಕೂರಿಸೋದು ಪುಣ್ಯವಂತರಿಗೆ ಮಾತ್ರ. ಕೊನೆಗೆ ಒಳಗೆ ಟ್ಯೂಬ್ ಹಾಕಲೇಬೇಕು, ಅದಕ್ಕೆ ಟ್ಯೂಬ್ ಹೇಗೂ ಒಯ್ಯಬೇಕು. ಮುಳ್ಳಿನ ಊರಿಗೆ ಟ್ಯೂಬ್‌ಲೆಸ್ ಲಾಭ, ಒಪ್ತೀನಿ. ವಾರದ ಪ್ರವಾಸಕ್ಕೆ ಮೊದಲ ಸಲ ಹೋಗೋರಿಗೆ ಎರಡು ಟ್ಯೂಬು, ಪ್ಯಾಚು, ಟೈರ್ ಸೀಳಿಗೆ ಒಳಗಿಡೋಕೆ ಹಳೇ ಟೈರಿನ ತುಂಡು. ಪ್ಯಾಚಿನ ಅಂಟಿನ ಟ್ಯೂಬು ಹೊಸದೇ ಇರಲಿ, ಒಂದು ಸಲ ತೆರೆದದ್ದು ಒಳಗೇ ಒಣಗಿರುತ್ತೆ. ಹಚ್ಚಿ ಮೂರ್ನಾಲ್ಕು ನಿಮಿಷ ಕಾದು, ಹೊಳಪು ಹೋದ ಮೇಲೆ ಪ್ಯಾಚ್ ಒತ್ತಿ. ಒದ್ದೆ ಅಂಟಿಗೆ ಒತ್ತೋದೇ ಎಲ್ಲರೂ ಮಾಡೋ ತಪ್ಪು.

ವಾಲ್ವ್ ಕೂಡ ನೋಡ್ಕೊಳ್ಳಿ. ಪ್ರೆಸ್ಟಾ ಅನ್ನೋ ಸಪೂರ ವಾಲ್ವಿಗೆ ರಿಮ್ಮಿನ ತೂತು 6.5 ಮಿ.ಮೀ., ಕಾರಿನ ಥರದ ದಪ್ಪ ವಾಲ್ವಿಗೆ 8.5. ದಪ್ಪದ್ದು ಸಣ್ಣ ತೂತಿಗೆ ಹೋಗಲ್ಲ.

ಕಡ್ಡಿ_36
ಹಿಂದಿನ ಚಕ್ರದ ಕಡ್ಡಿ ಬಗ್ಗೆ ಒಂದು ಮಾತು (ಹೆಸರಿಗಾದ್ರೂ ಹೇಳ್ಬೇಕಲ್ಲ). ಭಾರ ಹೇರಿದ ಸೈಕಲ್ಲಲ್ಲಿ ಮುರಿಯೋದು ಹೆಚ್ಚಾಗಿ ಹಿಂದೆ, ಚೈನಿನ ಬದಿ, ಯಾಕಂದ್ರೆ ಆ ಬದಿಯ ಬಿಗಿತ ಹೆಚ್ಚು. ಅದನ್ನ ಬದಲಿಸೋಕೆ ಹಲ್ಲಿನ ಕ್ಯಾಸೆಟ್ ಬಿಚ್ಚಬೇಕು, ಅದರ ಟೂಲು ಯಾರ ಹತ್ತಿರವೂ ಇರಲ್ಲ. ತಾತ್ಕಾಲಿಕವಾಗಿ ಮುರಿದ ಕಡ್ಡಿಯನ್ನ ಪಕ್ಕದ್ದಕ್ಕೆ ಸುತ್ತಿ ಕಟ್ಟಿ, ಅದರ ಎರಡೂ ಪಕ್ಕದ ಎಡಬದಿ ಕಡ್ಡಿಗಳನ್ನ ಅರ್ಧ ಸುತ್ತು ಸಡಿಲಿಸಿ. ಚಕ್ರ ತಕ್ಕಮಟ್ಟಿಗೆ ನೇರ ಆಗುತ್ತೆ. ಸಾಮಾನು ಮುಂದಕ್ಕೆ ಹಾಕಿ, ನಿಧಾನ ಹೋಗಿ.

ಏಳುದಿನದ_ಲೆಕ್ಕ
ಎಲ್ಲರಿಗೂ ಧನ್ಯವಾದ. ಪ್ಲಾನ್ ಕೆಡವಿ ಮತ್ತೆ ಕಟ್ಟಿದ್ದೀನಿ. ಎರಡು ಬೀಡು.

1ನೇ ದಿನ: ಸೈಕಲ್ 30 ಕಿ.ಮೀ., ಏರು 250 ಮೀ.
2: ಸೈಕಲ್ 48 ಕಿ.ಮೀ., 550 ಮೀ.
3: ನಡಿಗೆ 11 ಕಿ.ಮೀ., 400 ಮೀ., ಇಳಿಜಾರು ಸೌಮ್ಯ.
4: ಸ್ಥಳಾಂತರ, ಸಾಮಾನು ಸಮೇತ ಸೈಕಲ್ 42 ಕಿ.ಮೀ., 350 ಮೀ. ಕಣಿವೆ ಇಳಿಯೋ ದಾರಿ, ಬೆಳಿಗ್ಗೆ ಏಳಕ್ಕೇ.
5: ಏನೂ ಇಲ್ಲ.
6: ನಡಿಗೆ 14 ಕಿ.ಮೀ., 650 ಮೀ.
7: ಸೈಕಲ್ 35 ಕಿ.ಮೀ., ಸೈಕಲ್ ವಾಪಸ್ ಕೊಡೋದು.

ನಿಧಾನದವರಿಗೆ ಯಾವ ದಿನವೂ ನಾಲ್ಕೂವರೆ ಗಂಟೆ ದಾಟಲ್ಲ. ವಿರಾಮ ಬೇರೆ.

ಏರುತಗ್ಗು
ಚೆನ್ನಾಗಿದೆ. 6ನೇ ದಿನದ ಲೆಕ್ಕ ಮತ್ತೆ ನೋಡಿ. ಗಂಟೆಗೆ 4ರಂತೆ 14 ಕಿ.ಮೀ.ಗೆ ಮೂರೂವರೆ, 650 ಮೀಟರಿಗೆ ಒಂದು ಗಂಟೆ ಐದು ನಿಮಿಷ. ನಾಲ್ಕೂವರೆ ದಾಟಿತು, ಐದು ನಿಮಿಷ.

ಸುಮ್ನೆ_ಓದೋನು
ಐದು ನಿಮಿಷಕ್ಕೆ ಕೋರ್ಟಿಗೆ ಹೋಗ್ತಾರೆ ಇವರು.

ಗಾಳಿಪಟ
5ನೇ ದಿನ "ಏನೂ ಇಲ್ಲ" ಅಂತ ಬರೆದದ್ದು ನೋಡಿ ಹೊಟ್ಟೆ ಉರೀತು. ಆದ್ರೆ 4 ಮತ್ತು 5 ಅದಲು ಬದಲು ಮಾಡೋ ಹಾಗೆ ಬುಕ್ ಮಾಡಿ. ಸ್ಥಳಾಂತರದ ದಿನವೇ ಧಾರಾಕಾರ ಮಳೆ ಬಂದ್ರೆ ಮೊದಲ ಬೀಡಲ್ಲೇ ಒಂದು ರಾತ್ರಿ ಹೆಚ್ಚು ಇರೋಕೆ ಆಗುತ್ತಾ ಅಂತ ಕೇಳಿಟ್ಟಿರಿ.

ಏಳುದಿನದ_ಲೆಕ್ಕ
ಒಳ್ಳೇ ಐಡಿಯಾ. ಕೊನೇ ಪ್ರಶ್ನೆ: 4ನೇ ದಿನಕ್ಕೆ ಮಾತ್ರ ಕ್ಯಾರಿಯರ್ ಹಾಕಿಸ್ಕೋಬೇಕು. ಬೋಲ್ಟ್ ಬಿಡಿ ಇಟ್ಕೋಬೇಕು ಅಂತಾರೆ, ಯಾವುದು?

ಅಲೆನ್‌ಕೀ
ಎಂ5, ಅಂದ್ರೆ 5 ಮಿ.ಮೀ. ದಪ್ಪದ್ದು. ತಿರುಗಿಸೋಕೆ 4 ಮಿ.ಮೀ. ಅಲೆನ್ ಕೀ. ನಾಲ್ಕು ಬೋಲ್ಟ್ ಒಯ್ಯಿರಿ, ಜೊತೆಗೆ ವಾಷರ್. ಬೋಲ್ಟಿನ ಎಳೆಗೆ, ಸಡಿಲ ಆಗದ ಹಾಗೆ ಹಿಡಿಯೋ ನೀಲಿ ಲಾಕಿಂಗ್ ಅಂಟು ಒಂದು ತೊಟ್ಟು. ಮೊದಲ 10 ಕಿ.ಮೀ. ಆದ ಮೇಲೆ ನಿಂತು ಒಂದು ಸಲ ಬಿಗಿ ಮಾಡಿ, ಸಡಿಲ ಆಗೋದು ಆಗಲೇ. ಸಡಿಲ ಬೋಲ್ಟ್ ಬೀಳೋಕಿಂತ ಮುಂಚೆ ಅಲ್ಲಾಡಿ ಅಲ್ಲಾಡಿ ಕತ್ತರಿಸಿ ಹೋಗುತ್ತೆ. ಆಗ ತುಂಡು ಫ್ರೇಮಿನೊಳಗೇ ಉಳಿಯುತ್ತೆ, ಅದನ್ನ ದಾರಿಯಲ್ಲಿ ತೆಗೆಯೋಕಾಗಲ್ಲ.

ಕಡ್ಡಿ_36
ಚೈನಿನ ಬದಿಗೆ ಉದ್ದದ ಬೋಲ್ಟ್ ಹಾಕ್ಬೇಡಿ. ತುದಿ ಫ್ರೇಮಿನ ಒಳಗಡೆ ಹೊರಬಂದ್ರೆ ಅತಿ ಸಣ್ಣ ಹಲ್ಲಿಗೆ ಗೇರ್ ಬಿದ್ದಾಗ ಚೈನಿಗೆ ಉಜ್ಜುತ್ತೆ. ಹಾಕಿದ ಮೇಲೆ ಆ ಗೇರಿಗೆ ತಂದು, ಪೆಡಲ್ ಹಿಂದಕ್ಕೆ ತಿರುಗಿಸಿ, ಕಿವಿಗೊಟ್ಟು ಕೇಳಿ. ಟಿಕ್ ಟಿಕ್ ಅಂದ್ರೆ ಹೊರಗಡೆಯಿಂದ ಇನ್ನೊಂದು ವಾಷರ್.